ಮಾತ್ರೆ ಚೀಲ ನೋಡೋರು ಯಾರು?

ಇವತ್ತು ರಾಜಕೀಯ ಬೇಡ. ಇವತ್ತು ಒಂದು ಪ್ಲಾಸ್ಟಿಕ್ ಚೀಲದ ಬಗ್ಗೆ ಮಾತಾಡೋಣ.

ಯಾವುದಾದರೂ ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ಘಟಕದ ಮುಂದೆ ಬೆಳಗಿನ ಹೊತ್ತು ಹೋಗಿ ನಿಂತ್ಕೊಳ್ಳಿ. ಹಳ್ಳಿಯಿಂದ ಮೊದಲ ಬಸ್ಸಿಗೆ ಹೊರಟವರು ಅಲ್ಲಿ ಬೆಂಚಿನ ಮೇಲೆ ಕೂತಿರ್ತಾರೆ. ಒಂದು ತೋಳಲ್ಲಿ ರಕ್ತನಾಳ ಹಗ್ಗದ ಹಾಗೆ ಉಬ್ಬಿರುತ್ತೆ. ಅದು ಸೂಜಿ ಚುಚ್ಚೋದಕ್ಕೆ ಆಪರೇಷನ್ ಮಾಡಿ ಸಿದ್ಧಪಡಿಸಿದ ಜಾಗ. ಇನ್ನೊಂದು ಕೈಯಲ್ಲಿ ಒಂದು ಕವರ್. ಬಟ್ಟೆ ಅಂಗಡಿಯದ್ದೋ, ಮೆಡಿಕಲ್ ಶಾಪಿನದ್ದೋ. ಅದರೊಳಗೆ ಮಾತ್ರೆ ಸ್ಟ್ರಿಪ್ಪುಗಳು, ಅರ್ಧ ಖಾಲಿಯಾದ ಸಿರಪ್ಪು, ಮಡಚಿ ಮಡಚಿ ಹರಿದು ಹೋದ ಡಾಕ್ಟರ ಚೀಟಿಗಳು.

ನಾವು ಟಿವಿಯವರು ಅಲ್ಲಿಗೆ ಹೋದಾಗ ಕ್ಯಾಮೆರಾ ಎಲ್ಲಿಗೆ ತಿರುಗಿಸ್ತೀವಿ? ಮಷಿನ್ ಕಡೆಗೆ. ಮಷಿನ್ ಕೆಟ್ಟಿದ್ಯಾ? ಎಷ್ಟು ಇವೆ? ಟೆಕ್ನಿಷಿಯನ್ ಇದ್ದಾರಾ? ಕೇಳಬೇಕಾದ ಪ್ರಶ್ನೆಗಳೇ. ಕೇಳ್ತಾ ಇರ್ತೀವಿ. ಆದರೆ ಆ ಕವರ್ ಕಡೆಗೆ ನಾವು ಕ್ಯಾಮೆರಾ ತಿರುಗಿಸಿದ್ದು ಕಡಿಮೆ.

ಒಂದು ಸಣ್ಣ ಲೆಕ್ಕ ಹಾಕೋಣ. ಸಾಮಾನ್ಯವಾಗಿ ಡಯಾಲಿಸಿಸ್ ವಾರಕ್ಕೆ 3 ಸಲ, ಸಲಕ್ಕೆ 4 ಗಂಟೆ. ಅಂದ್ರೆ ವಾರಕ್ಕೆ 12 ಗಂಟೆ. ವಾರಕ್ಕೆ ಇರೋದು 168 ಗಂಟೆ. ಉಳಿದ 156 ಗಂಟೆ ಆ ರೋಗಿಯನ್ನು ಕಾಯೋದು ಯಾವುದು? ಊಟದ ಪಥ್ಯ, ನೀರಿನ ಪಥ್ಯ, ಆಮೇಲೆ ಆ ಕವರಿನೊಳಗಿನ ಮಾತ್ರೆಗಳು. ಅದೇ ಮಾತ್ರೆಗಳು ತಪ್ಪಿದರೆ? ಕಾಯಬೇಕಾದ್ದೇ ಕೊಲ್ಲೋಕೆ ಶುರು ಮಾಡುತ್ತೆ.

ಹಾಗಾಗಿ ಇವತ್ತಿನ ಪ್ರಶ್ನೆ ಒಂದೇ. ಆ ಮಾತ್ರೆ ಚೀಲವನ್ನು ಪೂರ್ತಿಯಾಗಿ, ಒಂದೇ ಸಲ, ಒಂದೇ ಕಣ್ಣಲ್ಲಿ ನೋಡೋರು ಯಾರು?

ಮೊದಲು ಕಿಡ್ನಿ ಏನು ಮಾಡುತ್ತೆ ಅಂತ ನೋಡೋಣ. ನಮ್ಮ ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸ್ತವೆ. ಅದರಲ್ಲಿ ಬಹುಪಾಲು ಮತ್ತೆ ರಕ್ತಕ್ಕೇ ವಾಪಸ್. ಒಂದೂವರೆ, ಎರಡು ಲೀಟರ್ ಮಾತ್ರ ಮೂತ್ರವಾಗಿ ಹೊರಗೆ ಹೋಗುತ್ತೆ. ಕಸ ತೆಗೆಯೋದು, ನೀರು ಸರಿದೂಗಿಸೋದು, ಪೊಟ್ಯಾಸಿಯಂ ಹತೋಟಿಯಲ್ಲಿಡೋದು, ರಕ್ತ ಹುಟ್ಟಿಸೋಕೆ ಬೇಕಾದ ಹಾರ್ಮೋನ್ ತಯಾರಿಸೋದು, ಎಲ್ಲಾ ಅದರದ್ದೇ ಕೆಲಸ. ಇದು ಬಹಳಷ್ಟು ಜನಕ್ಕೆ ಗೊತ್ತು. ಗೊತ್ತಿಲ್ಲದ ಇನ್ನೊಂದು ಕೆಲಸ ಇದೆ. ನಾವು ನುಂಗುವ ಎಷ್ಟೋ ಔಷಧಿಗಳು ಕೆಲಸ ಮುಗಿಸಿ ಹೊರಗೆ ಹೋಗೋ ಬಾಗಿಲು ಕೂಡ ಕಿಡ್ನಿನೇ.

ಬಚ್ಚಲುಮನೆ ನೆನಪಿಸಿಕೊಳ್ಳಿ. ದಿನಾ ಒಂದು ಬಿಂದಿಗೆ ನೀರು ಹಾಕ್ತೀರಿ. ತೂಬು ಸರಿಯಿದ್ದರೆ ಹರಿದು ಹೋಗುತ್ತೆ. ತೂಬು ಮುಕ್ಕಾಲು ಪಾಲು ಕಟ್ಟಿಕೊಂಡಿದ್ದರೆ? ನೀವು ಹಾಕಿದ್ದು ಅದೇ ಒಂದು ಬಿಂದಿಗೆ. ಆದರೆ ನಿನ್ನೆಯ ನೀರು ಇನ್ನೂ ಅಲ್ಲೇ ಇದೆ. ಮೂರನೇ ದಿನ ಬಚ್ಚಲು ತುಂಬಿ ಒಳಗೆ ಬರುತ್ತೆ. ಕಿಡ್ನಿ ಸೋತವರ ದೇಹದಲ್ಲಿ ಮಾತ್ರೆಯ ಕಥೆ ಇಷ್ಟೇ. ಡಾಕ್ಟರ್ ಬರೆದದ್ದು ಸರಿಯಾದ ಮಾತ್ರೆ, ರೋಗಿ ನುಂಗಿದ್ದು ಸರಿಯಾದ ಹೊತ್ತಿಗೆ. ಆದರೂ ಅದು ಒಳಗೆ ಗುಡ್ಡೆಯಾಗ್ತಾ ಹೋಗುತ್ತೆ, ವಿಷ ಆಗುತ್ತೆ.

ಸರಿ, ತೂಬು ಎಷ್ಟು ಕಟ್ಟಿದೆ ಅಂತ ತಿಳಿಯೋದು ಹೇಗೆ? ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಅಂತ ಒಂದು ಸಂಖ್ಯೆ ಬರುತ್ತೆ. ಎಲ್ಲರೂ ಅದನ್ನೇ ನೋಡ್ತಾರೆ. "1.4 ಇದೆ, ಸ್ವಲ್ಪ ಜಾಸ್ತಿ, ಏನೂ ಪರವಾಗಿಲ್ಲ" ಅಂತ ಮನೆಗೆ ಬರ್ತಾರೆ. ಇಲ್ಲೇ ಮೊದಲ ಮೋಸ.

ಕ್ರಿಯಾಟಿನಿನ್ ಹುಟ್ಟೋದು ನಮ್ಮ ಮಾಂಸಖಂಡದಿಂದ. ಗಟ್ಟಿಮುಟ್ಟಾದ ಯುವಕನಲ್ಲಿ ಹೆಚ್ಚು ಹುಟ್ಟುತ್ತೆ, ಸಣಕಲು ದೇಹದ ಅಜ್ಜಿಯಲ್ಲಿ ಕಡಿಮೆ ಹುಟ್ಟುತ್ತೆ. ಆದ್ದರಿಂದ ಬರೀ ಆ ಒಂದು ಸಂಖ್ಯೆ ಸಾಲದು. 1976ರಲ್ಲಿ ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಅನ್ನೋ ಇಬ್ಬರು ಒಂದು ಸೂತ್ರ ಕೊಟ್ಟರು. ಔಷಧಿಯ ಡೋಸ್ ಲೆಕ್ಕ ಹಾಕೋಕೆ ಇವತ್ತಿಗೂ ಅದನ್ನು ಬಳಸ್ತಾರೆ. 140ರಿಂದ ವಯಸ್ಸು ಕಳೀರಿ. ತೂಕದಿಂದ ಗುಣಿಸಿ. ಅದನ್ನು, 72 ಮತ್ತು ಕ್ರಿಯಾಟಿನಿನ್ ಗುಣಿಸಿ ಬಂದ ಸಂಖ್ಯೆಯಿಂದ ಭಾಗಿಸಿ. ಹೆಂಗಸರಾದರೆ 0.85ರಿಂದ ಮತ್ತೆ ಗುಣಿಸಿ. ಬರೋ ಉತ್ತರ, ಕಿಡ್ನಿ ನಿಮಿಷಕ್ಕೆ ಸುಮಾರು ಎಷ್ಟು ಮಿಲಿಲೀಟರ್ ಸೋಸುತ್ತೆ ಅನ್ನೋ ಅಂದಾಜು.

ಈಗ ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸೋಣ. 25 ವರ್ಷದ ಹುಡುಗ, ತೂಕ 70 ಕೆಜಿ, ಕ್ರಿಯಾಟಿನಿನ್ 1.4. ಲೆಕ್ಕ ಹಾಕಿದರೆ ಸುಮಾರು 80 ಬರುತ್ತೆ. ಪಕ್ಕದಲ್ಲಿ 75 ವರ್ಷದ ಅಜ್ಜಿ, ತೂಕ 42 ಕೆಜಿ, ಕ್ರಿಯಾಟಿನಿನ್ ಅದೇ 1.4. ಲೆಕ್ಕ ಹಾಕಿದರೆ? ಬರೀ 23. ಲ್ಯಾಬ್ ರಿಪೋರ್ಟಿನಲ್ಲಿ ಇಬ್ಬರದ್ದೂ ಒಂದೇ ಸಂಖ್ಯೆ. ಹುಡುಗನಿಗೆ ಕೊಡೋ ಡೋಸನ್ನೇ ಅಜ್ಜಿಗೂ ಕೊಟ್ಟರೆ ಏನಾಗುತ್ತೆ ಅಂತ ನೀವೇ ಯೋಚನೆ ಮಾಡಿ.

ಆ ಅಜ್ಜಿ ನಿಮ್ಮ ಮನೆಯವರೇ ಅಂತ ಅಂದುಕೊಳ್ಳಿ. ನಿಮ್ಮ ಅಮ್ಮನೋ, ಅತ್ತೆನೋ. ಇನ್ನೂ ಡಯಾಲಿಸಿಸ್ ಹಂತಕ್ಕೆ ಬಂದಿಲ್ಲ. ಶುಗರ್ ಇದೆ, ಬಿಪಿ ಇದೆ, ಮಂಡಿ ನೋವಿದೆ. ನಮ್ಮ ರಾಜ್ಯದ ಯಾವ ಮನೆಯಲ್ಲಿ ಇಲ್ಲ ಹೇಳಿ? ಅವರ ಚೀಲವನ್ನು ಮೇಜಿನ ಮೇಲೆ ಸುರಿಯೋಣ.

ಮೊದಲನೇ ಸ್ಟ್ರಿಪ್ಪು, ಶುಗರ್ ಮಾತ್ರೆ ಗ್ಲೈಬೆನ್‌ಕ್ಲಮೈಡ್. ಹಳೇ ಮಾತ್ರೆ, ಅಗ್ಗದ ಮಾತ್ರೆ. ಆದರೆ ಕಿಡ್ನಿ ಸೋತಾಗ ಇದರ ಅಂಶ ಹೊರಗೆ ಹೋಗದೆ ಒಳಗೇ ಉಳಿದು ಶುಗರ್ ಅನ್ನು ಪಾತಾಳಕ್ಕೆ ಇಳಿಸುತ್ತೆ. ಅದಕ್ಕೇ ಇಂಥವರಿಗೆ ಇದು ಬೇಡ ಅಂತಾರೆ. ಇನ್ಸುಲಿನ್ ಕಥೆಯೂ ಹೀಗೇ. ದೇಹದಿಂದ ಇನ್ಸುಲಿನ್ ತೆಗೆಯೋದರಲ್ಲಿ ಕಿಡ್ನಿಗೆ ದೊಡ್ಡ ಪಾಲಿದೆ. ಕಿಡ್ನಿ ಸೋತರೆ ಹಾಕಿಕೊಂಡ ಇನ್ಸುಲಿನ್ ಹೆಚ್ಚು ಹೊತ್ತು ಉಳಿಯುತ್ತೆ. ಆಗ ಏನಾಗುತ್ತೆ ಗೊತ್ತಾ? ಮನೆಯವರು ಖುಷಿಪಡ್ತಾರೆ. "ಅಮ್ಮನ ಶುಗರ್ ತಾನಾಗೇ ಕಮ್ಮಿಯಾಗಿದೆ, ಪಥ್ಯ ಚೆನ್ನಾಗಿ ಮಾಡ್ತಿದ್ದಾರೆ" ಅಂತ. ಶುಗರ್ ಕಾಯಿಲೆ ವಾಸಿಯಾಗಿಲ್ಲ ಸ್ವಾಮಿ. ಕಿಡ್ನಿ ಕೈಕೊಡ್ತಾ ಇರೋದರ ಸೂಚನೆ ಅದಾಗಿರಬಹುದು. ಇದ್ದಕ್ಕಿದ್ದ ಹಾಗೆ ಶುಗರ್ ಪದೇ ಪದೇ ಇಳೀತಾ ಇದ್ದರೆ ಸಿಹಿ ಹಂಚಬೇಡಿ, ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ.

ಎರಡನೇದು ಮೆಟ್‌ಫಾರ್ಮಿನ್. ಬಹಳ ಒಳ್ಳೆ ಔಷಧಿ, ಲಕ್ಷಾಂತರ ಜನ ತಗೊಳ್ತಾರೆ. ಆದರೆ ಕಿಡ್ನಿಯ ಸೋಸುವ ಶಕ್ತಿ 30ಕ್ಕಿಂತ ಕೆಳಗಿಳಿದರೆ ಇದನ್ನು ನಿಲ್ಲಿಸಬೇಕು ಅನ್ನೋದು ನಿಯಮ. ಇಲ್ಲದಿದ್ದರೆ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುವ ಅಪಾಯ.

ಮೂರನೇದು ಬಿಪಿ ಮಾತ್ರೆ, ಟೆಲ್ಮಿಸಾರ್ಟಾನ್ ಅಂತ ಇಟ್ಕೊಳ್ಳಿ. ನಾಲ್ಕನೇದು ಕಾಲು ಊತಕ್ಕೆ ಕೊಟ್ಟ ನೀರಿನ ಮಾತ್ರೆ. ಐದನೇದು ಮಂಡಿ ನೋವಿಗೆ ಡೈಕ್ಲೋಫೆನಾಕ್. ಬಿಪಿ ಮಾತ್ರೆ ಬರೆದಿದ್ದು ಹಾರ್ಟ್ ಡಾಕ್ಟರು. ನೀರಿನ ಮಾತ್ರೆ ಬರೆದಿದ್ದು ಊರಿನ ಡಾಕ್ಟರು. ನೋವಿನ ಮಾತ್ರೆ? ಚೀಟಿನೇ ಇಲ್ಲ. ಮೆಡಿಕಲ್ ಶಾಪಿನಲ್ಲಿ "ಮಂಡಿ ನೋವಿಗೆ ಏನಾದ್ರೂ ಕೊಡಪ್ಪಾ" ಅಂದಿದ್ದಕ್ಕೆ ಬಂದದ್ದು. ಕಾನೂನಿನ ಪ್ರಕಾರ ಡೈಕ್ಲೋಫೆನಾಕ್ ಮಾತ್ರೆಯನ್ನು ಚೀಟಿ ಇಲ್ಲದೆ ಕೊಡೋ ಹಾಗಿಲ್ಲ. ಕೊಡ್ತಾರಾ ಇಲ್ವಾ ಅಂತ ನಾನು ಹೇಳಬೇಕಾಗಿಲ್ಲ, ನಿಮಗೇ ಗೊತ್ತು.

ಈ ಮೂರೂ ಸೇರಿದಾಗ ಕಿಡ್ನಿಗೆ ಒಟ್ಟಿಗೇ ಮೂರು ಏಟು. ಹೇಗೆ ಅಂದ್ರೆ, ನೋವಿನ ಮಾತ್ರೆ ಕಿಡ್ನಿಗೆ ರಕ್ತ ಬರೋ ದಾರಿಯನ್ನು ಕಿರಿದು ಮಾಡುತ್ತೆ. ಈ ಜಾತಿಯ ಬಿಪಿ ಮಾತ್ರೆ ರಕ್ತ ಹೊರಗೆ ಹೋಗೋ ದಾರಿಯನ್ನು ಸಡಿಲ ಮಾಡುತ್ತೆ. ನೀರಿನ ಮಾತ್ರೆ ದೇಹದ ಒಟ್ಟು ದ್ರವವನ್ನೇ ತಗ್ಗಿಸುತ್ತೆ. ಮೂರೂ ಕಡೆಯಿಂದ ಒತ್ತಡ ಬಿದ್ದು ಸೋಸೋ ಶಕ್ತಿ ಕುಸಿಯುತ್ತೆ. ಇದರ ಮೇಲೆ ಎರಡು ದಿನ ವಾಂತಿ ಭೇದಿ ಆಯ್ತು ಅಂದ್ಕೊಳ್ಳಿ. ನಿಧಾನಕ್ಕೆ ಸೋಲ್ತಾ ಇದ್ದ ಕಿಡ್ನಿ ಒಂದೇ ವಾರದಲ್ಲಿ ನೆಲಕಚ್ಚಬಹುದು.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡ್ತೀನಿ. ಆ ಬಿಪಿ ಮಾತ್ರೆ ಕೆಟ್ಟದ್ದಲ್ಲ. ಶುಗರ್ ಇರೋರ ಕಿಡ್ನಿಯನ್ನು ದೀರ್ಘಕಾಲ ಕಾಪಾಡೋದೇ ಆ ಜಾತಿಯ ಮಾತ್ರೆ. ಟಿವಿ ನೋಡಿ ಅದನ್ನು ಬಿಟ್ಟುಬಿಡಬೇಡಿ. ತಪ್ಪು ಇರೋದು ಒಂದೊಂದು ಮಾತ್ರೆಯಲ್ಲಿ ಅಲ್ಲ. ಅವು ಒಂದೇ ಚೀಲದಲ್ಲಿ ಸೇರಿದ್ದನ್ನು ಯಾರೂ ನೋಡದೇ ಇರೋದರಲ್ಲಿ.

ಇನ್ನೂ ಇದೆ. ಆರನೇದು ಕಾಲು ಉರಿಗೆ ಕೊಟ್ಟ ಪ್ರಿಗಾಬಾಲಿನ್. ಇದು ಹೊರಗೆ ಹೋಗೋದೇ ಕಿಡ್ನಿ ಮೂಲಕ. ಸೋಸೋ ಶಕ್ತಿ 23 ಇರೋ ಅಜ್ಜಿಗೆ ಡೋಸನ್ನು ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಸಬೇಕಾಗಬಹುದು. ಇಳಿಸದಿದ್ದರೆ? ಹಗಲಿಡೀ ಮಂಪರು, ಓಲಾಡೋ ನಡಿಗೆ, ರಾತ್ರಿ ಬಾತ್‌ರೂಮಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿಯೋದು. "ವಯಸ್ಸಾಯ್ತಲ್ಲ, ಅದಕ್ಕೇ" ಅಂತೀವಿ. ಎಲ್ಲಾ ಸಲವೂ ವಯಸ್ಸಲ್ಲ. ಕೆಲವು ಸಲ ಅದು ಡೋಸು.

ಏಳನೇದು ಗ್ಯಾಸ್ ಸಿರಪ್ಪು. ಎಷ್ಟೋ ಗ್ಯಾಸ್ ಸಿರಪ್ಪುಗಳಲ್ಲಿ ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುತ್ತೆ. ಒಳ್ಳೆ ಕಿಡ್ನಿ ಇದ್ದವರಿಗೆ ಏನೂ ಆಗಲ್ಲ. ಕಿಡ್ನಿ ಸೋತವರಲ್ಲಿ ಇವೂ ಒಳಗೇ ಉಳೀತವೆ.

ಈಗ ಡಯಾಲಿಸಿಸ್ ಘಟಕಕ್ಕೆ ವಾಪಸ್ ಬರೋಣ. ಸೋಸೋ ಶಕ್ತಿ 15ಕ್ಕಿಂತ ಕೆಳಗಿಳಿದರೆ ಅದನ್ನು ಕಿಡ್ನಿ ವೈಫಲ್ಯ ಅಂತಾರೆ. ಅಂಥವರಲ್ಲಿ ಅನೇಕರಿಗೆ ಮುಂದೆ ಮಷಿನ್ನೇ ಕಿಡ್ನಿ.

ಈ ಮಷಿನ್ನಿನ ಕಥೆ ಕೇಳಿದರೆ ಮನುಷ್ಯನ ಛಲದ ಬಗ್ಗೆ ಗೌರವ ಹುಟ್ಟುತ್ತೆ. ಎರಡನೇ ಮಹಾಯುದ್ಧದ ಹೊತ್ತು. ನೆದರ್‌ಲೆಂಡ್ಸ್ ದೇಶವನ್ನು ಜರ್ಮನ್ ಸೇನೆ ಆಕ್ರಮಿಸಿಕೊಂಡಿತ್ತು. ಕಾಂಪೆನ್ ಅನ್ನೋ ಸಣ್ಣ ಊರಿನ ಆಸ್ಪತ್ರೆಯಲ್ಲಿ ವಿಲೆಮ್ ಕೋಲ್ಫ್ ಅನ್ನೋ ಯುವ ಡಾಕ್ಟರು, ಮಾಂಸದ ಸಾಸೇಜ್ ತುಂಬಲು ಬಳಸೋ ಸೆಲೋಫೇನ್ ಕೊಳವೆಯನ್ನು ಒಂದು ಪೀಪಾಯಿಗೆ ಸುತ್ತಿ, ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸಿ ರಕ್ತ ಶುದ್ಧ ಮಾಡೋಕೆ ಹೊರಟರು. 1943ರಲ್ಲಿ ಪ್ರಯೋಗ ಶುರುವಾಯ್ತು. ರೋಗಿಗಳು ಒಬ್ಬೊಬ್ಬರಾಗಿ ಕೈಬಿಟ್ಟು ಹೋದರು. ಕೋಲ್ಫ್ ಕೈಚೆಲ್ಲಲಿಲ್ಲ. 1945ರಲ್ಲಿ ಅವರ 17ನೇ ರೋಗಿ, 67 ವರ್ಷದ ಹೆಂಗಸು, ಪ್ರಜ್ಞೆ ಬಂದು ಎದ್ದು ಕೂತರು. ಇವತ್ತು ತಾಲ್ಲೂಕು ಆಸ್ಪತ್ರೆಯಲ್ಲಿ ಓಡ್ತಾ ಇರೋ ಮಷಿನ್ನುಗಳಿಗೆ ಅದೇ ಮೂಲ.

ತತ್ವ ಇವತ್ತೂ ಅದೇ. ತೆಳುವಾದ ಪೊರೆ. ಒಂದು ಕಡೆ ರಕ್ತ, ಇನ್ನೊಂದು ಕಡೆ ಶುದ್ಧೀಕರಿಸಿದ ನೀರಿನ ದ್ರಾವಣ. 4 ಗಂಟೆಯ ಒಂದು ಡಯಾಲಿಸಿಸ್‌ನಲ್ಲಿ ಸುಮಾರು 120 ಲೀಟರ್ ದ್ರಾವಣ ಹರಿದು ಹೋಗುತ್ತೆ. ರಕ್ತದಲ್ಲಿರೋ ಕಸ ಪೊರೆ ದಾಟಿ ಆ ಕಡೆ ಹೋಗುತ್ತೆ.

ಈಗ ಗಮನ ಇಟ್ಟು ಕೇಳಿ. ಆ ಪೊರೆಗೆ ಕಸ ಯಾವುದು, ಔಷಧಿ ಯಾವುದು ಅಂತ ಗೊತ್ತಾಗಲ್ಲ. ನೀರಲ್ಲಿ ಕರಗೋ ಸಣ್ಣ ಕಣವಾಗಿದ್ದರೆ, ರಕ್ತದ ಪ್ರೋಟೀನಿಗೆ ಗಟ್ಟಿಯಾಗಿ ಅಂಟಿಕೊಂಡಿಲ್ಲದಿದ್ದರೆ, ಅದು ಔಷಧಿಯಾದರೂ ಸರಿ, ಎಳೆದು ಆಚೆ ಹಾಕುತ್ತೆ.

ಹಾಗಾಗಿ ಡಯಾಲಿಸಿಸ್ ರೋಗಿಗೆ "ಯಾವ ಮಾತ್ರೆ, ಎಷ್ಟು" ಅಂದ್ರೆ ಸಾಲದು. "ಯಾವಾಗ" ಅನ್ನೋದೂ ಅಷ್ಟೇ ಮುಖ್ಯ. ಸೋಂಕು ಬಂದಿದೆ, ಆಂಟಿಬಯಾಟಿಕ್ ಕೊಟ್ಟಿದ್ದಾರೆ. ಎಷ್ಟೋ ಆಂಟಿಬಯಾಟಿಕ್‌ಗಳು ಮಷಿನ್ನಿನಲ್ಲಿ ತೊಳೆದು ಹೋಗ್ತವೆ. ಅಂಥದ್ದನ್ನು ಬೆಳಗ್ಗೆ ಕೊಟ್ಟು ಆಮೇಲೆ ಮಷಿನ್ನಿಗೆ ಹಾಕಿದರೆ ಔಷಧಿ ಮೋರಿ ಪಾಲು, ಸೋಂಕು ರೋಗಿ ಪಾಲು. ಡಯಾಲಿಸಿಸ್ ಮುಗಿದ ಮೇಲೆ ಕೊಟ್ಟಿದ್ದರೆ ಜೀವ ಉಳೀತಿತ್ತು. ಬಿಪಿ ಮಾತ್ರೆಗಳಲ್ಲೂ ವ್ಯತ್ಯಾಸ ಇದೆ. ಅಟೆನೊಲಾಲ್ ಮಷಿನ್ನಿನಲ್ಲಿ ಹೊರಟು ಹೋಗುತ್ತೆ, ಆಮ್ಲೊಡಿಪಿನ್ ಹೋಗಲ್ಲ. ಕೆಲವರಿಗೆ ಡಯಾಲಿಸಿಸ್ ನಡೀತಿರುವಾಗಲೇ ಬಿಪಿ ಧೊಪ್ಪಂತ ಬೀಳುತ್ತೆ. ಅಂಥವರಿಗೆ ಆ ದಿನ ಬೆಳಗಿನ ಮಾತ್ರೆಯನ್ನು ಸಂಜೆಗೆ ಮುಂದೂಡಬೇಕಾ ಅಂತ ಡಾಕ್ಟರು ತೀರ್ಮಾನ ಮಾಡಬೇಕಾಗುತ್ತೆ. ಎಲ್ಲರಿಗೂ ಒಂದೇ ನಿಯಮ ಇಲ್ಲ.

ಇನ್ನೊಂದು ಮಾತ್ರೆ ನೋಡಿ. ಕಿಡ್ನಿ ಸೋತವರ ರಕ್ತದಲ್ಲಿ ರಂಜಕ, ಅಂದ್ರೆ ಫಾಸ್ಫರಸ್, ಏರುತ್ತೆ. ಮೈಯೆಲ್ಲಾ ತುರಿಕೆ, ಮೂಳೆ ಸವೆತ, ರಕ್ತನಾಳ ಗಡಸಾಗೋದು, ಇದಕ್ಕೆಲ್ಲಾ ಅದರ ಪಾಲಿದೆ. ಅದನ್ನು ತಡೆಯೋಕೆ ಕ್ಯಾಲ್ಸಿಯಂ ಅಸಿಟೇಟ್, ಸೆವೆಲಮರ್ ಅಂತ ಮಾತ್ರೆ ಕೊಡ್ತಾರೆ. ಈ ಮಾತ್ರೆ ಕೆಲಸ ಮಾಡೋದು ಹೊಟ್ಟೆಯೊಳಗೆ, ಊಟದ ಜೊತೆ. ಅನ್ನದಲ್ಲಿರೋ ರಂಜಕವನ್ನು ಅಲ್ಲೇ ಹಿಡಿದು ಮಲದಲ್ಲಿ ಹೊರಗೆ ಸಾಗಿಸುತ್ತೆ. ಅದಕ್ಕೇ ಊಟದ ಜೊತೆಗೇ ನುಂಗಬೇಕು. "ಕ್ಯಾಲ್ಸಿಯಂ ಅಲ್ವಾ, ಮೂಳೆಗೆ" ಅಂತ ಮಲಗೋ ಹೊತ್ತಿಗೆ ಬರೀ ಹೊಟ್ಟೆಗೆ ನುಂಗಿದರೆ ಆ ಕೆಲಸ ಆಗಲ್ಲ. ದುಡ್ಡು ದಂಡ, ತುರಿಕೆ ಹಾಗೇ. ಇದನ್ನು ರೋಗಿಗೆ ಹೇಳೋಕೆ ಒಂದು ನಿಮಿಷ ಸಾಕು. ಆ ಒಂದು ನಿಮಿಷ ಯಾರ ಹತ್ತಿರ ಇದೆ?

ರಕ್ತ ಹುಟ್ಟಿಸೋ ಇಂಜೆಕ್ಷನ್, ಎರಿಥ್ರೊಪೊಯೆಟಿನ್. ಕಿಡ್ನಿ ತಾನೇ ತಯಾರಿಸಬೇಕಿದ್ದ ಹಾರ್ಮೋನನ್ನು ಹೊರಗಿಂದ ಕೊಡೋದು. 1989ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ ಮೇಲೆ ಡಯಾಲಿಸಿಸ್ ರೋಗಿಗಳ ಬದುಕೇ ಬದಲಾಯ್ತು, ಪದೇ ಪದೇ ರಕ್ತ ಏರಿಸೋದು ತಪ್ಪಿತು. ಆದರೆ ಇದನ್ನು 2ರಿಂದ 8 ಡಿಗ್ರಿ ತಂಪಿನಲ್ಲೇ ಇಡಬೇಕು. ಫ್ರೀಜರಿನಲ್ಲಿ ಇಡಬಾರದು, ಅಲುಗಾಡಿಸಬಾರದು. ಹೊರಗಿನ ಅಂಗಡಿಯಲ್ಲಿ ಕೊಂಡು ಬೇಸಿಗೆ ಬಿಸಿಲಲ್ಲಿ ಎರಡು ಗಂಟೆ ಬಸ್ಸಿನಲ್ಲಿ ಬರೀ ಕವರಿನಲ್ಲಿ ತಂದರೆ ಅದರೊಳಗೆ ಎಷ್ಟು ಔಷಧಿ ಉಳಿದಿರುತ್ತೆ? ಇಂಜೆಕ್ಷನ್ ಹಾಕಿದರೂ ರಕ್ತ ಏರ್ತಿಲ್ಲ ಅಂದ್ರೆ ಮೊದಲು ಅದು ಬಂದ ದಾರಿ ಕೇಳಬೇಕು, ಕಬ್ಬಿಣದ ಅಂಶ ಸಾಕಷ್ಟಿದೆಯಾ ನೋಡಬೇಕು. ಹಾಗಂತ ಹಿಮೋಗ್ಲೋಬಿನ್ ಎಷ್ಟಾದರೂ ಏರಲಿ ಅನ್ನೋ ಹಾಗೂ ಇಲ್ಲ. 13ರ ಆಚೆಗೆ ಏರಿಸಲು ಹೋದಾಗ ಪಾರ್ಶ್ವವಾಯು, ಹೃದಯದ ತೊಂದರೆ ಹೆಚ್ಚಾದದ್ದು ದೊಡ್ಡ ಅಧ್ಯಯನಗಳಲ್ಲೇ ಕಂಡಿದೆ.

ಇನ್ನು ಬಿಕ್ಕಳಿಕೆ. ಕಿಡ್ನಿ ರೋಗಿಗಳಿಗೆ ಬಿಕ್ಕಳಿಕೆ ಬರೋದುಂಟು. ಕೆಲವು ಸಲ ಬ್ಯಾಕ್ಲೋಫೆನ್ ಅನ್ನೋ ಮಾತ್ರೆ ಕೊಡ್ತಾರೆ. ಬೇರೆಯವರಿಗೆ ಅದು ಮಾಮೂಲಿ ಮಾತ್ರೆ. ಡಯಾಲಿಸಿಸ್ ರೋಗಿಯಲ್ಲಿ ಸಣ್ಣ ಡೋಸಿನ ಒಂದೆರಡು ಮಾತ್ರೆಯೇ ಮೆದುಳಿನ ಮೇಲೆ ಪರಿಣಾಮ ಮಾಡಿ ಮಾತು ತೊದಲೋದು, ಗೊಂದಲ, ಪ್ರಜ್ಞೆ ತಪ್ಪೋದು ಆಗಬಹುದು. ಮನೆಯವರು ಲಕ್ವ ಅಂತ ಗಾಬರಿಯಾಗಿ ಓಡ್ತಾರೆ. ಸ್ಕ್ಯಾನ್ ಮಾಡಿಸ್ತಾರೆ, ಏನೂ ಸಿಗಲ್ಲ. ಕಾರಣ ಸ್ಕ್ಯಾನಿನಲ್ಲಿ ಇರಲ್ಲ, ಚೀಲದಲ್ಲಿ ಇರುತ್ತೆ.

ವೀಕ್ಷಕರೇ, ಈಗ ಮೊದಲಿನ ಪ್ರಶ್ನೆಗೆ ಬರ್ತೀನಿ. ತಪ್ಪು ಯಾರದ್ದು? ಹಾರ್ಟ್ ಡಾಕ್ಟರು ಹಾರ್ಟಿಗೆ ಸರಿಯಾಗೇ ಬರೆದರು. ಮೂಳೆ ಡಾಕ್ಟರು ಮೂಳೆಗೆ ಸರಿಯಾಗೇ ಬರೆದರು. ಶುಗರ್ ಡಾಕ್ಟರೂ ಅಷ್ಟೇ. ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಒಬ್ಬ ಡಾಕ್ಟರ ಮುಂದೆ ಇರೋ ಸಾಲು ನೀವೂ ನೋಡಿದ್ದೀರಿ. ಅವರಿಗೆ ಚೀಲ ಸುರಿದು ನೋಡೋ ಹೊತ್ತು ಎಲ್ಲಿದೆ? ಎಲ್ಲರೂ ತಮ್ಮ ತಮ್ಮ ಚೀಟಿ ಬರೆದರು. ಚೀಲ ಮಾತ್ರ ಯಾರ ಪಾಲಿಗೂ ಬರಲಿಲ್ಲ.

ಆದರೆ ಅದಕ್ಕೇ ಅಂತ ಓದಿದ ಒಬ್ಬರು ಅದೇ ಆಸ್ಪತ್ರೆಯಲ್ಲಿ ಇದ್ದಾರೆ. ಫಾರ್ಮಸಿಸ್ಟ್. ನಮ್ಮ ಮನಸ್ಸಿನಲ್ಲಿ ಫಾರ್ಮಸಿಸ್ಟ್ ಅಂದ್ರೆ ಏನು? ಸಣ್ಣ ಕಿಟಕಿಯ ಆಚೆ ಕೂತು, ಚೀಟಿ ನೋಡಿ, ಸ್ಟ್ರಿಪ್ಪು ಕತ್ತರಿಸಿ, ಲಕೋಟೆಗೆ ಹಾಕಿ "ಬೆಳಗ್ಗೆ ಒಂದು, ರಾತ್ರಿ ಒಂದು" ಅನ್ನೋರು. ಅವರನ್ನು ಆ ಕಿಟಕಿಗೆ ಕಟ್ಟಿ ಹಾಕಿದ್ದು ನಾವು. ನಮ್ಮ ದೇಶದಲ್ಲಿ ಫಾರ್ಮಸಿ ಕಾಯ್ದೆ ಬಂದದ್ದು 1948ರಲ್ಲಿ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿ, ಚೀಟಿಯನ್ನು ಪರಿಶೀಲಿಸೋದು, ರೋಗಿಗೆ ತಿಳಿವಳಿಕೆ ಹೇಳೋದು ಕೂಡ ಫಾರ್ಮಸಿಸ್ಟ್ ಕೆಲಸ ಅಂತ ಹೇಳುತ್ತೆ. 2008ರಿಂದ ಫಾರ್ಮ್‌ಡಿ ಅಂತ 6 ವರ್ಷದ ಕೋರ್ಸೇ ಇದೆ. ಅದರಲ್ಲಿ ಕೊನೆಯ ಒಂದು ವರ್ಷ ಆಸ್ಪತ್ರೆಯಲ್ಲೇ ತರಬೇತಿ. ವಾರ್ಡಿಗೆ ಹೋಗೋದು, ರೋಗಿಯ ಔಷಧಿಗಳನ್ನೆಲ್ಲಾ ಒಟ್ಟಿಗೆ ನೋಡೋದು, ಡೋಸ್ ಲೆಕ್ಕ ಹಾಕೋದು, ಡಾಕ್ಟರಿಗೆ ಸಲಹೆ ಕೊಡೋದು, ಇದನ್ನೇ ಅವರಿಗೆ ಕಲಿಸೋದು. ನಮ್ಮ ಮೈಸೂರು, ಬೆಂಗಳೂರಿನ ಕಾಲೇಜುಗಳಲ್ಲೂ ಈ ಓದು ಇದೆ.

ಇನ್ನೊಂದು ಕಡೆ 2016ರ ಕೇಂದ್ರ ಬಜೆಟ್‌ನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆ ಆಯ್ತು. ಬಡವರಿಗೆ ಉಚಿತ ಡಯಾಲಿಸಿಸ್. ಒಳ್ಳೆ ಕೆಲಸ. ಜಿಲ್ಲೆ, ತಾಲ್ಲೂಕು ಮಟ್ಟಕ್ಕೂ ಮಷಿನ್ ಬಂತು. ನೀರು ಶುದ್ಧ ಮಾಡೋ ಘಟಕ ಬೇಕು, ಟೆಕ್ನಿಷಿಯನ್ ಬೇಕು, ನರ್ಸ್ ಬೇಕು ಅಂತ ಲೆಕ್ಕ ಹಾಕ್ತೀವಿ. ಚೀಲ ನೋಡೋಕೆ ಒಬ್ಬರು ಬೇಕು ಅನ್ನೋದು ಲೆಕ್ಕದಲ್ಲೇ ಬರ್ತಿಲ್ಲ.

ನಾನು ದೊಡ್ಡ ಯೋಜನೆ ಏನೂ ಕೇಳ್ತಿಲ್ಲ. ಡಯಾಲಿಸಿಸ್ ರೋಗಿ ಹೇಗೂ 4 ಗಂಟೆ ಒಂದೇ ಮಂಚದಲ್ಲಿ ಮಲಗಿರ್ತಾರೆ. ತಿಂಗಳಿಗೆ ಒಂದು ದಿನ, ಒಬ್ಬ ಫಾರ್ಮಸಿಸ್ಟ್ ಆ ಮಂಚದ ಪಕ್ಕ ಕುರ್ಚಿ ಹಾಕ್ಕೊಂಡು ಕೂರಲಿ. ಚೀಲ ಸುರಿಯಲಿ. ಯಾವುದು ಯಾಕೆ, ಯಾವುದು ಯಾವಾಗ, ಯಾವುದು ಎರಡು ಹೆಸರಲ್ಲಿ ಬಂದ ಒಂದೇ ಮಾತ್ರೆ, ಯಾವುದು ಬೇಡ ಅಂತ ಪಟ್ಟಿ ಮಾಡಲಿ. ಡಾಕ್ಟರಿಗೆ ತೋರಿಸಲಿ. ಡಾಕ್ಟರು ತೀರ್ಮಾನ ಮಾಡಲಿ. ಇದಕ್ಕೆ ಹೊಸ ಕಟ್ಟಡ ಬೇಡ, ವಿದೇಶದ ಯಂತ್ರ ಬೇಡ. ಒಂದು ಕುರ್ಚಿ, ಒಂದು ಕಾಗದ, ಕಲಿತ ಒಬ್ಬರು. ಇಷ್ಟು ಮಾಡೋಕೆ ಆಗಲ್ವಾ?

ಅದು ಬರೋ ತನಕ ನೀವೇನು ಮಾಡಬಹುದು? ಬರೆದಿಟ್ಟುಕೊಳ್ಳಿ.

ಒಂದು. ಯಾವ ಡಾಕ್ಟರ ಹತ್ತಿರ ಹೋದರೂ ಪೂರ್ತಿ ಚೀಲ ತಗೊಂಡು ಹೋಗಿ. ನಾಟಿ ಔಷಧಿ, ಪುಡಿ, ಕಷಾಯ ಇದ್ದರೆ ಅದನ್ನೂ. ಮುಚ್ಚಿಡಬೇಡಿ. "ಗಿಡಮೂಲಿಕೆ, ಸೈಡ್ ಎಫೆಕ್ಟ್ ಇಲ್ಲ" ಅನ್ನೋ ಮಾತು ಕಿಡ್ನಿ ವಿಷಯದಲ್ಲಿ ಸುಳ್ಳು. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂ ದೇಶದಲ್ಲಿ ತೂಕ ಇಳಿಸೋಕೆ ಕೊಟ್ಟ ಗಿಡಮೂಲಿಕೆಯಿಂದಲೇ ಹಲವು ಹೆಂಗಸರ ಕಿಡ್ನಿ ಹೋಯ್ತು.

ಎರಡು. ಪ್ರತಿ ಹೊಸ ಮಾತ್ರೆಗೂ ಮೊದಲು ಒಂದು ವಾಕ್ಯ ಹೇಳಿ: "ಇವರಿಗೆ ಕಿಡ್ನಿ ತೊಂದರೆ ಇದೆ, ಈ ಡೋಸ್ ಆಗುತ್ತಾ?" ಹಲ್ಲಿನ ಡಾಕ್ಟರಿಗೂ ಹೇಳಿ, ಚರ್ಮದ ಡಾಕ್ಟರಿಗೂ ಹೇಳಿ, ಮೆಡಿಕಲ್ ಶಾಪಿನಲ್ಲೂ ಹೇಳಿ.

ಮೂರು. ನೋವಿನ ಮಾತ್ರೆಯನ್ನು ನೀವಾಗಿ ಕೊಂಡು ನುಂಗಬೇಡಿ. ನೋವಿಗೆ ಏನು ತಗೊಳ್ಳಬಹುದು ಅಂತ ನಿಮ್ಮ ಕಿಡ್ನಿ ಡಾಕ್ಟರನ್ನು ಮೊದಲೇ ಕೇಳಿ ಇಟ್ಟುಕೊಳ್ಳಿ.

ನಾಲ್ಕು. ಪೊಟ್ಯಾಸಿಯಂ. ಏರಿದರೆ ಹೃದಯ ನಿಂತೇ ಹೋಗಬಹುದು. ಬಿಪಿಗೆ ಒಳ್ಳೇದು ಅಂತ ಮಾರೋ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಇರೋದು ಪೊಟ್ಯಾಸಿಯಂ. ಎಳನೀರಿನಲ್ಲೂ ಪೊಟ್ಯಾಸಿಯಂ ಜಾಸ್ತಿ. ಆಸ್ಪತ್ರೆಗೆ ನೋಡೋಕೆ ಬರೋ ನೆಂಟರು ಪ್ರೀತಿಯಿಂದ ಎಳನೀರು ತರ್ತಾರೆ. ಪ್ರೀತಿ ಇಟ್ಕೊಳ್ಳಿ, ಡಾಕ್ಟರನ್ನು ಕೇಳದೆ ಎಳನೀರು ಕೊಡಬೇಡಿ. ಕರಾವಳಿಯವರು ಇನ್ನೊಂದು ನೆನಪಿಡಿ, ಧಾರೆಹುಳಿ. ನಕ್ಷತ್ರದ ಆಕಾರದ ಹಣ್ಣು. ಕಿಡ್ನಿ ಸೋತವರಲ್ಲಿ ಅದು ಬಿಡದ ಬಿಕ್ಕಳಿಕೆಯಿಂದ ಹಿಡಿದು ಫಿಟ್ಸ್‌ವರೆಗೆ ತರುತ್ತೆ.

ಐದು. ಮಾತ್ರೆ ನುಂಗೋ ನೀರಿನ ಲೆಕ್ಕ. ದಿನಕ್ಕೆ 12 ಮಾತ್ರೆ, ಒಂದೊಂದಕ್ಕೂ ಒಂದೊಂದು ಲೋಟ ಅಂದ್ರೆ ಎರಡು ಲೀಟರ್ ಆಯ್ತು. ನೀರಿಗೆ ಮಿತಿ ಹಾಕಿರೋ ಡಯಾಲಿಸಿಸ್ ರೋಗಿಗೆ ಅಷ್ಟೇ ಸಾಕು ಉಸಿರು ಕಟ್ಟೋಕೆ. ಗುಟುಕು ನೀರಲ್ಲಿ ನುಂಗಿ.

ಆರು. ಶುಗರ್, ಬಿಪಿ ಇರೋರು ವರ್ಷಕ್ಕೊಮ್ಮೆಯಾದರೂ ಕ್ರಿಯಾಟಿನಿನ್ ಜೊತೆಗೆ ಸೋಸುವ ಶಕ್ತಿಯ ಸಂಖ್ಯೆ ಕೇಳಿ, ಮೂತ್ರದಲ್ಲಿ ಪ್ರೋಟೀನ್ ಹೋಗ್ತಿದೆಯಾ ಪರೀಕ್ಷೆ ಮಾಡಿಸಿ. ಆ ಸಂಖ್ಯೆಯನ್ನು ಫೋನ್ ನಂಬರ್ ಥರ ನೆನಪಿಡಿ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಇದನ್ನು ಕೇಳಿ ಇವತ್ತು ರಾತ್ರಿ ಯಾರೂ ತಮ್ಮ ಮಾತ್ರೆ ನಿಲ್ಲಿಸಬೇಡಿ. ನಾನು ಡಾಕ್ಟರಲ್ಲ. ನಾನು ಹೇಳಿದ್ದು ಪ್ರಶ್ನೆ ಕೇಳೋಕೆ, ಮಾತ್ರೆ ಬಿಡೋಕೆ ಅಲ್ಲ. ನಾಳೆ ಬೆಳಗ್ಗೆ ಚೀಲ ಹಿಡ್ಕೊಂಡು ಹೋಗಿ, ಕೇಳಿ, ಅವರು ಹೇಳಿದ ಮೇಲೆ ಬದಲಾಯಿಸಿ.

ಮುಂದಿನ ಸಲ ನಾವು ಯಾವುದಾದರೂ ಡಯಾಲಿಸಿಸ್ ಘಟಕಕ್ಕೆ ಹೋದರೆ ಮಷಿನ್ ಎಷ್ಟಿದೆ ಅಂತ ಕೇಳ್ತೀವಿ. ಅದರ ಜೊತೆ ಇನ್ನೊಂದು ಪ್ರಶ್ನೆಯನ್ನೂ ಕೇಳ್ತೀವಿ. ನೀವೂ ಕೇಳಿ. "ಇಲ್ಲಿ ಮಾತ್ರೆ ಚೀಲ ನೋಡೋರು ಯಾರು?" ಅಂತ. ಉತ್ತರ ಕೊಡೋಕೆ ಒಬ್ಬರು ಎದ್ದು ನಿಂತ ದಿನ, ಆ 156 ಗಂಟೆಗೂ ಒಬ್ಬ ಕಾವಲುಗಾರ ಸಿಕ್ಕ ಹಾಗೆ.